ಎಂಟು ಎಕರೆ ಮೂವತ್ಮೂರು ಗುಂಟೆಯ ನಿಲ್ದಾಣ

"ಸಣ್ಣ ದನೀಲೆ ಮಾತಾಡ್ರಿ."

ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಬರ್ರಿ ಅನ್ನಲಿಲ್ಲ, ಕೂಡ್ರಿ ಅನ್ನಲಿಲ್ಲ, ಒಂದು ತಂಬಿಗೆ ನೀರು ಬೇಕೇ ಎಂದು ಕೇಳಲಿಲ್ಲ. ಹೆಗಲಿಗೆ ಅಳತೆಯ ಟೇಪು, ಕಂಕುಳಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದ ಅರುಣಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಯಾಕ್ರಿ, ಯಾರರ ಮಕ್ಕೊಂಡಾರೇನು?"

"ಇಲ್ಲ. ಅವ್ವ ಕೂಗಿದ್ರ ನಂಗ ಕೇಳಬೇಕು."

ಅವನ ಮಾತು ಮುಗಿಯುವ ಮೊದಲೇ ಒಳಗಿನಿಂದ ಕೂಗು ಬಂತು. "ಪ್ರಭೂ..." ತೆಳ್ಳಗಿನ, ಉದ್ದನೆಯ ಕೂಗು, ಕೊನೆಯಲ್ಲಿ ಕೊಕ್ಕೆಯ ಹಾಗೆ ಬಾಗಿದ್ದು.

"ಬಂದ್ನಿ ಅವ್ವಾ."

ಮೂವತ್ತು ದಾಟಿದ ಗಂಡಸು. ನಿಂತ ಕಾಲಲ್ಲೇ ತಿರುಗಿ ಒಳಗೆ ಹೋದ.

ಅರುಣಾ ಪರವಾನಗಿ ಪಡೆದ ಭೂಮಾಪಕಿ. ನವಲಗುಂದದಿಂದ ಕುಂದಗೋಳದವರೆಗೆ ಅಣ್ಣತಮ್ಮಂದಿರ ಹೊಲಗಳನ್ನು ಅಳೆದು ಪಾಲು ಮಾಡಿಕೊಡುವುದು ಅವಳ ಕೆಲಸ. ಟೇಪಿನ ಇನ್ನೊಂದು ತುದಿ ಹಿಡಿಯಲು ಅಪ್ಪ ಮಲಕಪ್ಪ ಜೊತೆಗೆ ಬರುತ್ತಿದ್ದ. ಯಮನೂರಿನ ಬಾಜು ಅವರ ಊರು. ಆಯುಷ್ಯವೆಲ್ಲ ಕುರಿ ಕಾಯ್ದವನು. ಈಗ ನಲವತ್ತು ಕುರಿ ಉಳಿದಿದ್ದವು, ಅವನ್ನು ತಮ್ಮನ ಕಡೆ ಬಿಟ್ಟು ಮಗಳ ಹಿಂದೆ ಅಲೆಯುತ್ತಿದ್ದ.

ಇವತ್ತಿನ ಕೆಲಸ ಕುಂದಗೋಳದಿಂದ ಮೂರು ಮೈಲಿ ದೂರದ ಒಂಟಿ ಹೊಲದ ಮನೆಯದು. ಹುಬ್ಬಳ್ಳಿಯಲ್ಲಿರುವ ಹಿರಿಯ ಮಗ ಹೇಮಂತ ತನ್ನ ಪಾಲು ಬೇರೆ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದ. ಮನೆಯಲ್ಲಿ ಇದ್ದದ್ದು ಕಿರಿಯ ಮಗ ಪ್ರಭು, ಮತ್ತು ಆರು ವರ್ಷದ ಹಿಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ತಾಯಿ ಗುರವ್ವ. ಇಬ್ಬರೇ.

ಒಂದು ತಾಸಿನಲ್ಲಿ ಆ ಕೂಗು ಹನ್ನೊಂದು ಸಲ ಬಂತು. ಹನ್ನೊಂದು ಸಲವೂ ಅವನು ಹೋದ. ಕಿಟಕಿ ಮುಚ್ಚಲು ಒಮ್ಮೆ, ಅದೇ ಕಿಟಕಿ ತೆರೆಯಲು ಇನ್ನೊಮ್ಮೆ.

'ಇವ ಮಗನೋ, ಗೂಟಕ್ಕ ಕಟ್ಟಿದ ಕರುವೋ...' ಅರುಣಾ ಮನಸ್ಸಿನಲ್ಲೇ ಅಂದುಕೊಂಡಳು. ಅವಳ ನಾಲಗೆ ಮೊದಲಿನಿಂದಲೂ ಹರಿತ. ಮನಸ್ಸಿನೊಳಗೂ ಅದು ಮೊಂಡಾಗುತ್ತಿರಲಿಲ್ಲ.

ಕೊನೆಗೆ ಮೂಡಲ ದಿಕ್ಕಿನ ಬಾಂದಗಲ್ಲು ತೋರಿಸಲು ಅವನು ಮುಂದೆ ನಡೆದ. ಮನೆಯ ಹೊಸ್ತಿಲಿನಿಂದ ಗಾಡಿದಾರಿಯವರೆಗೆ ನೆಟ್ಟಗಿನ ಕಾಲುಹಾದಿ. ನಡೆಯುವಾಗ ಅವನ ತುಟಿ ಅಲುಗುತ್ತಿತ್ತು. ಹತ್ತಿರವಾದಾಗ ಅವಳಿಗೆ ಕೇಳಿಸಿತು.

"ನೂರಾ ಮೂವತ್ತೆಂಟು... ನೂರಾ ಮೂವತ್ತೊಂಬತ್ತು... ನೂರಾ ನಲವತ್ತು."

ಗಡಿಯ ಕಲ್ಲಿನ ಮುಂದೆ ಗಕ್ಕನೆ ನಿಂತ. ಆಚೆ ಬದಿಗೆ ಬಂದು ಟೇಪು ಹಿಡಿಯಿರಿ ಎಂದು ಅರುಣಾ ಹೇಳಿದಳು. ಅವನು ಕಲ್ಲಿನ ಮೇಲಿಂದ ಕೈ ಚಾಚಿದ, ಕಾಲು ಚಾಚಲಿಲ್ಲ.

ಹಿಂದೆ ಮತ್ತೆ ಕೂಗು. ಈ ಸಲ ಬಹಳ ಸಣ್ಣದಾಗಿ, ದಾರ ಹರಿಯುವ ಮೊದಲು ಇರುವಂತೆ. ಅವನು ಹೋದ ಮೇಲೆ ಮಲಕಪ್ಪ ಕಿವಿಗೆ ಕೈ ಹಚ್ಚಿ ನಕ್ಕ.

"ಮುದುಕಿ ಕೂಗು ಇಲ್ಲೀಮಟ ಬರತೈತಿ ನೋಡು ತಂಗಿ. ಇನ್ನ ಹತ್ತ ಮಾರು ಮುಂದ ಹೋದ್ರ ಕೇಳಂಗಿಲ್ಲ. ಕೂಗಳತಿ ಅಂದ್ರ ಇದ. ನಾವು ಹಿಂಗ ಕುರಿ ಮೇಯಸ್ತಿದ್ವಿ, ಕೂಗಳತಿ ದಾಟಗೊಡತಿದ್ದಿಲ್ಲ."

ಅರುಣಾ ಟೇಪು ಸುತ್ತುವುದನ್ನು ನಿಲ್ಲಿಸಿದಳು.

ನೂರಾ ನಲವತ್ತು ಹೆಜ್ಜೆ. ಒಂದು ಕೂಗು.

ಈ ಎರಡನ್ನೂ ಅವಳು ಮೊದಲೇ ಬಲ್ಲಳು!

ಒಂದು ವರ್ಷದ ಹಿಂದಿನ ಮಾತು. ಕಥೆಗಳ ಆ್ಯಪ್‌ನಲ್ಲಿ 'ದೂರದವ' ಎಂಬ ಹೆಸರಿನವನೊಬ್ಬ ವೈಜ್ಞಾನಿಕ ಧಾರಾವಾಹಿ ಬರೆಯುತ್ತಿದ್ದ. ಭೂಮಿಯಿಂದ ಎಷ್ಟೋ ದೂರದಲ್ಲಿ ತೇಲುವ 'ಪಣತಿ' ಎಂಬ ಬಾಹ್ಯಾಕಾಶ ನಿಲ್ದಾಣ. ಅದರಲ್ಲಿ ಹನ್ನೆರಡು ಸಾವಿರ ಜನ. ಕೋಣೆ ಬಿಟ್ಟು ಹೊರಬರದ ಒಬ್ಬ ಮುದಿ ನಾಯಕಿ, ಅವಳ ಮಾತು ಮೀರದ ಒಬ್ಬ ಕಾವಲುಗಾರ. ಬಸ್ಸಿನಲ್ಲಿ, ಬದುವಿನ ಮೇಲೆ, ಬುತ್ತಿ ಬಿಚ್ಚುವ ಮೊದಲು ಅರುಣಾ ಅದನ್ನು ಓದುತ್ತಿದ್ದಳು. ಅಷ್ಟು ಮೌನ ತುಂಬಿದ ಬರವಣಿಗೆಯನ್ನು ಅವಳು ಬೇರೆಲ್ಲೂ ಓದಿರಲಿಲ್ಲ.

ಆದರೆ ಅಳೆಯುವವರ ಕಣ್ಣು ಸುಮ್ಮನಿರುವುದಿಲ್ಲ. ಹೊಲ ಕಂಡರೂ ಕಥೆ ಕಂಡರೂ ಅದು ಮೂಲೆ ಹುಡುಕುತ್ತದೆ. ಮೂರನೇ ಅಧ್ಯಾಯದಲ್ಲಿ ನಿಲ್ದಾಣದ ತಂತಿಗಳೆಲ್ಲ ಸುಟ್ಟುಹೋಗಿವೆ. ನಾಯಕಿ ಬಾಯಿಂದಲೇ ಕೂಗುತ್ತಾಳೆ, ಆದರೂ ಅದು ಕೊನೆಯ ಕಿಟಕಿಗೂ ಕೇಳುತ್ತದೆ. ಒಂಬತ್ತರಲ್ಲಿ ಕಾವಲುಗಾರ ಒಲೆಯ ಮೇಲೆ ಹಾಲಿಟ್ಟು ಕೊನೆಯ ಕಿಟಕಿಗೆ ಹೋಗಿ ಭೂಮಿಯನ್ನು ನೋಡಿ, ಹಾಲು ಉಕ್ಕುವುದರೊಳಗೆ ಬರುತ್ತಾನೆ. ಹದಿನೇಳರಲ್ಲಿ ಹೆಜ್ಜೆಯ ಲೆಕ್ಕವೇ ಇದೆ: ನಾಯಕಿಯ ಬಾಗಿಲಿನಿಂದ ಯಾವ ದಿಕ್ಕಿಗೆ ಹೋದರೂ ನೂರಾ ನಲವತ್ತು.

ಅವಳು ಕುಳಿತು ಲೆಕ್ಕ ಹಾಕಿದಳು. ಹೆಜ್ಜೆಗೆ ಎರಡೂವರೆ ಅಡಿ, ನೂರಾ ನಲವತ್ತಕ್ಕೆ ಮುನ್ನೂರೈವತ್ತು. ಅಷ್ಟು ತ್ರಿಜ್ಯದ ವೃತ್ತ. ಉತ್ತರ ಸಿಕ್ಕಾಗ ನಗು ತಡೆಯಲಾಗದೆ ಕಥೆಯ ಕೆಳಗೆ ಬರೆದುಬಿಟ್ಟಳು:

'ನಿಮ್ಮ ಪಣತಿಯನ್ನು ಅಳೆದೆ. ಒಟ್ಟು ಎಂಟು ಎಕರೆ ಮೂವತ್ಮೂರು ಗುಂಟೆ. ಹನ್ನೆರಡು ಸಾವಿರ ಜನರಿಗೆ ಹಂಚಿದರೆ ತಲೆಗೆ ಮೂವತ್ತೆರಡು ಚದರ ಅಡಿ. ಹೊಲದಲ್ಲಿ ನಮ್ಮ ಅಪ್ಪ ಹಾಕುವ ಕುರಿದೊಡ್ಡಿಯಲ್ಲೇ ಇದಕ್ಕಿಂತ ಸುಖವಿದೆ. ಆಕಾಶಕ್ಕೆ ಹೋಗಿ ಇಷ್ಟೇ ಜಾಗ ಸಿಕ್ಕಿತೇ ಸ್ವಾಮಿ?'

ಬೆಳಗಾಗುವುದರಲ್ಲಿ ನಾಲ್ಕು ಸಾವಿರ ಜನ ನಕ್ಕಿದ್ದರು. ಯಾರೋ ಕುರಿಗಳಿಗೆ ಗಾಜಿನ ಟೊಪ್ಪಿಗೆ ತೊಡಿಸಿದ ಚಿತ್ರ ಮಾಡಿ ಹಾಕಿದರು. 'ಎಂಟೆಕರೆ ಆಕಾಶ' ಎಂಬುದು ಒಂದು ಗಾದೆಯೇ ಆಯಿತು. ಮೂವತ್ತೊಂದನೇ ಅಧ್ಯಾಯದ ನಂತರ 'ದೂರದವ' ಬರೆಯಲಿಲ್ಲ.

ಅರುಣಾ ಕಾದಳು. ವಾರ, ತಿಂಗಳು... ಕಾಯುತ್ತ ಕಾಯುತ್ತ ನಗು ಎಲ್ಲಿ ಹೋಯಿತೋ, ಎದೆಯಲ್ಲಿ ಒಂದು ಮುಳ್ಳು ಉಳಿಯಿತು.

ಈಗ ಆ ಮುಳ್ಳು ಎದ್ದು ಬಂದು ಎದುರಿಗೆ ನಿಂತಿತ್ತು. ಪ್ರಭು ಒಳಗಿನಿಂದ ಮರಳಿ ಬರುತ್ತಿದ್ದ. ನಡುವೆ ಬಾವಿ, ಬಾವಿಯ ಪಕ್ಕ ನೆಲದೊಳಗೆ ಧಾನ್ಯ ತುಂಬಿಡುವ ಹಳೆಯ ಹಗೇವು, ಅದರಾಚೆ ಮೂರು ಬಾಗಿಲಿನ ದನದ ಕೊಟ್ಟಿಗೆ. ಪಣತಿಯಲ್ಲಿ ನೀರಿನ ತೊಟ್ಟಿಯ ಪಕ್ಕ ಇಂಧನದ ಗುಂಡಿ ಇತ್ತು. ಮೂರು ಬಾಗಿಲಿನ ಉಗ್ರಾಣವೂ ಇತ್ತು.

"'ಪಣತಿ' ಬರದವ್ರು... ನೀವಾ?"

ಅವನು ಅವಳ ಕೈಯ ಟೇಪು ನೋಡಿದ, ಅವಳ ಹಿಂದೆ ಹೆಗಲ ಮೇಲೆ ಕಂಬಳಿ ಹೊದ್ದ ಮಲಕಪ್ಪನನ್ನು ನೋಡಿದ. 

"ಕುರಿದೊಡ್ಡಿ ಅಂದವ್ರು ನೀವು," ಎಂದ. "ಮನಿತನಕ ಬಂದ ಅಳದ್ರಿ. ಆತಲ್ಲ? ಇನ್ನ ಹೋಗ್ರಿ."

* * *

ಎರಡನೇ ಸಲ ಕಲ್ಲು ನೆಡಿಸಲು ಬಂದಾಗ ಅರುಣಾ ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಎದುರಿಗೆ ನಿಂತಾಗ ಒಂದೂ ನೆನಪಾಗಲಿಲ್ಲ. ನನ್ನ ಲೆಕ್ಕ ತಪ್ಪಿರಬೇಕು, ಕಥೆಯನ್ನು ಹಾಗೆಲ್ಲ ಅಳೆಯಬಾರದಿತ್ತು ಎಂದು ಏನೋ ತೊದಲಿದಳು.

"ಲೆಕ್ಕ ತಪ್ಪಿಲ್ಲ," ಎಂದ ಪ್ರಭು. "ತಪ್ಪಿದ್ರ ನಾನೂ ನಿಮ್ಮ ಕೂಡ ಜಗಳಾ ಮಾಡ್ತಿದ್ನಿ, ಮತ್ತ ಬರೀತಿದ್ನಿ. ಮೂವತ್ತೊಂದು ಅಧ್ಯಾಯ ಅದು ಭಾಳ ದೊಡ್ಡದೈತಿ ಅಂತ ನಾನೂ ನಂಬಿದ್ದೆ. ನೀವು ಅಳತಿ ಹೇಳಿದ ಮ್ಯಾಲ ಹೊರಗ ಬಂದ ನೋಡಿದೆ. ಬಾಂವಿ, ಕೊಟಗಿ, ಬಾಂದಗಲ್ಲು. ಎಲ್ಲಾ ಇದ ಆಗಿತ್ತು."

 ಆ ಮಾತಿನಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಧಾರವಾಡದಲ್ಲಿ ಭೌತಶಾಸ್ತ್ರದ ಎಮ್ಮೆಸ್ಸಿ ಓದುತ್ತಿದ್ದಾಗ ತಾಯಿ ಬಿದ್ದಳೆಂದು ಫೋನು ಬಂದು ಮನೆಗೆ ಬಂದವನು ಅವನು. ಅಣ್ಣ ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದ. ಪ್ರಭು ಉಳಿದ. ಸಂತೆಯ ಸಾಮಾನು ಆಳುಗಳೇ ತಂದುಕೊಡುತ್ತಿದ್ದರು. ಆರು ವರ್ಷದಲ್ಲಿ ಅವನು ಆ ಕಲ್ಲು ದಾಟಿರಲಿಲ್ಲ.

ಅವತ್ತು ಹೊರಡುವಾಗ ಅರುಣಾ ಕೇಳಿದಳು: "ನಾ ಹೊರಗಿನ ಅಳತಿ ಕಳಿಸಿದ್ರ... ನೀವು ಬರೀತೀರೇನು?"

ಅವನು ತನ್ನ ಫೋನ್ ನಂಬರು ಹೇಳಿದ.

ಪ್ರೀತಿ ಹೇಗೆ ಶುರುವಾಗುತ್ತದೆ? ಕೆಲವರಿಗೆ ಹೂವಿನಿಂದ, ಕೆಲವರಿಗೆ ಹಾಡಿನಿಂದ. ಇವರಿಗೆ ಅಡಿ ಮತ್ತು ಅಂಗುಲದಿಂದ.

ಬೆಣ್ಣೆಹಳ್ಳದ ದಂಡೆಯಲ್ಲಿ ನಿಂತು ಅವಳು ಈ ದಡದಿಂದ ಆ ದಡಕ್ಕೆ ಎಷ್ಟು ಎಂದು ಕಳಿಸಿದಳು. ಯಮನೂರಿನ ದರ್ಗಾದ ಅಂಗಳದಲ್ಲಿ ಒಂದು ಸುತ್ತು ಹಾಕಿ, ಹರಕೆಯ ಸಕ್ಕರೆ ಓದಿಸಲು ನಿಂತ ಹೆಂಗಸರ ಸಾಲು ಎಷ್ಟು ಮಾರು ಇತ್ತೆಂದು ಕಳಿಸಿದಳು. ಕೆಲಸಕ್ಕೆಂದು ಅಳ್ನಾವರಕ್ಕೆ ಹೋದ ದಿನ ರೈಲಿನ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆದಳು. ಗೋವಾದ ಕಡೆ ಹೋಗುವ ಹಳಿ ಕಾಡಿನೊಳಗೆ ಎಲ್ಲಿ ಕಣ್ಮರೆಯಾಗುತ್ತದೆಂದು ಅಂದಾಜು ಮಾಡಿ ಕಳಿಸಿದಳು. 'ಮರ ಅಡ್ಡ ಬಂತು. ಇಲ್ಲದಿದ್ದರೆ ಇನ್ನೂ ಕಾಣುತ್ತಿತ್ತು' ಎಂದು ಕೆಳಗೆ ಬರೆದಳು.

ಅವನು ಬರೆದ. ಪಣತಿಯೊಳಗೆ ಒಂದು ಹಳ್ಳ ಹರಿಯಿತು. ಬೇಡಿಕೊಳ್ಳಲು ಬಂದವರು ಸಾಲು ನಿಲ್ಲುವ ಅಂಗಳವೊಂದು ತೆರೆಯಿತು. ಗಾಡಿಗಳು ಬಂದು ನಿಲ್ಲುವ ಉದ್ದನೆಯ ಕಟ್ಟೆ ಬಂತು. ಓದುಗರು ಮರಳಿದರು. ಅರುಣಾ ಪ್ರತಿ ಅಧ್ಯಾಯವನ್ನೂ ಅಳೆದು ಅವನೊಬ್ಬನಿಗೇ ತಿಳಿಸುತ್ತಿದ್ದಳು. ಇಪ್ಪತ್ತು ಎಕರೆ. ಅರವತ್ತೊಂದು. ಇನ್ನೂರಾ ಹತ್ತು.

'ಇವತ್ತು ಎಷ್ಟಾತು?' ಎಂದು ಅವನು ಕೇಳುತ್ತಿದ್ದ. ಮದುವೆಯಾದ ಗಂಡ ಊಟಕ್ಕೇನು ಎಂದು ಕೇಳುವ ಹಾಗೆ. ಆ ಪ್ರಶ್ನೆಗಾಗಿ ಅವಳು ದಿನವಿಡೀ ಕಾಯತೊಡಗಿದಳು.

ಆದರೆ ನಲವತ್ತನೇ ಅಧ್ಯಾಯ ಅಳೆಯುವಾಗ ಒಂದು ಸಂಗತಿ ಅವಳಿಗೆ ಚುಚ್ಚಿತು. ಹಳ್ಳಕ್ಕೆ ಹೋದವರು ಬೇರೆ ಜನ. ಅಂಗಳದಲ್ಲಿ ನಿಂತವರು ಬೇರೆ ಜನ. ಕಾವಲುಗಾರ ಈಗಲೂ ನಾಯಕಿಯ ಬಾಗಿಲಿನಿಂದ ನೂರಾ ನಲವತ್ತು ಹೆಜ್ಜೆ ನಡೆದು, ನಿಂತು, ಹಿಂದಕ್ಕೆ ಬರುತ್ತಿದ್ದ. ನಿಲ್ದಾಣ ಬೆಳೆದಿತ್ತು... ಅವನು ಬೆಳೆದಿರಲಿಲ್ಲ.

ಅವತ್ತು ಅವಳು ಅಳತೆ ಕಳಿಸಲಿಲ್ಲ. ಬದಲಿಗೆ ಬರೆದಳು: 'ಒಂದು ದಿನ ಬನ್ನಿ. ಹಳ್ಳ ನೋಡಿ ಸಂಜೆಯೊಳಗೆ ಹಿಂದಿರುಗಬಹುದು. ನನ್ನ ಜೊತೆ.'

ಕೊನೆಯ ಎರಡು ಪದಗಳನ್ನು ಒಮ್ಮೆ ಅಳಿಸಿ, ಮತ್ತೆ ಬರೆದು ಕಳಿಸಿದಳು.

ಉತ್ತರ ಮರುದಿನ ಬಂತು. 'ಅವ್ವ ಇದ್ದಾಳೆ.'

* * *

ಮೂರನೇ ಸಲ ಸಹಿ ಹಾಕಿಸಲು ಹೋದಾಗ ಜನವರಿ. ಅಂಗಳದ ತುಂಬ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದರು. ಹೊಸ್ತಿಲಿನಿಂದ ಬಾವಿಯವರೆಗೆ ಕೆಂಪು.

ಗುರವ್ವ ಅಳತೆಯವಳನ್ನು ಒಳಗೆ ಕಳಿಸು ಎಂದು ಹೇಳಿಕಳಿಸಿದಳು. ಒಬ್ಬಳನ್ನೇ.

ನಡುಮನೆ ದಾಟಿ ಒಳಕೋಣೆ. ಗೋಡೆಗೆ ಆನಿಸಿದ ಮಂಚ, ಸೊಂಟದವರೆಗೆ ಹೊದ್ದ ಕೌದಿ, ಹಣೆಯ ತುಂಬ ವಿಭೂತಿ. ಕಣ್ಣು ಮಾತ್ರ ಹಾಸಿಗೆ ಹಿಡಿದವರ ಕಣ್ಣಲ್ಲ.

"ಬಾ ಬೇ, ಹಂತ್ಯಾಕ ಬಾ. ಕುರಿ ವಾಸನಿ ಬರತೈತೇನ ನೋಡೂಣು."

ಅರುಣಾ ಅಲುಗದೆ ನಿಂತಳು.

"ಹಿರೇ ಮಗಾ ಹೊಲಾ ಹರಕೊಂಡ ಹೋಗಾಕ ನಿನ್ನ ಕಳಿಸಿದಾ. ನೀ ಬಂದಾಕಿ ಸಣ್ಣ ಮಗನ್ನೂ ಹರಕೊಂಡ ಹೋಗಬೇಕಂತ ಮಾಡಿ. ಫೋನ್ ನೋಡಕೋತ ನಗತಾನು. ಆರು ವರ್ಷ ಆ ಮಾರಿ ನಕ್ಕಿದ್ದು ನಾ ಕಂಡಿದ್ದಿಲ್ಲ. ಅದನ್ನ ನೋಡಿ ನನ್ನ ಹೊಟ್ಟಿ ತಣ್ಣಗಾಗಬೇಕಿತ್ತು ಅಂತೀಯೇನು? ಉರೀತು."

ಮಗನ ನಗು ಕಂಡು ಉರಿದೆ ಎಂದು ಬಾಯಿಬಿಟ್ಟು ಹೇಳುವ ತಾಯಿಯನ್ನು ಅರುಣಾ ಮೊದಲ ಸಲ ನೋಡುತ್ತಿದ್ದಳು. ತಾನು ಏನನ್ನೂ ಹರಿದುಕೊಂಡು ಹೋಗಲು ಬಂದಿಲ್ಲ, ಅವರು ಒಂದು ದಿನ ಹೊರಗೆ ಬಂದರೆ ಸಾಕು ಎಂದು ಮೆಲ್ಲಗೆ ಹೇಳಿದಳು.

ಮುದುಕಿ ನಕ್ಕಳು. "ನೀ ಅಳತಿ ಮಾಡೂವಾಕಿ ಹೌದಲ್ಲ? ಹಂಗಾರ ಇದನ್ನೂ ಅಳದ ನೋಡು. ಆರು ವರ್ಷದಾಗ ನನ್ನ ಒಂದ ಕೂಗೂ ಸುಳ್ಳ ಬಿದ್ದಿಲ್ಲ. ನೀ ಒಂದ ಸರ್ತಿ ಕೂಗಿ ನೋಡು. ಬರ್ತಾನೇನು."

ಹೊರಗೆ ಬಂದಾಗ ಅರುಣಾಳ ಕಿವಿ ಸುಡುತ್ತಿತ್ತು. ಪ್ರಭು ಸಹಿ ಹಾಕಿದ. ಮೂವರೂ ಕಾಲುಹಾದಿ ಹಿಡಿದರು. ಬಾಂದಗಲ್ಲಿಗೆ ಇನ್ನು ನಾಲ್ಕು ಹೆಜ್ಜೆ ಇದ್ದಾಗ ಹಿಂದಿನಿಂದ ಕೂಗು ಬಂತು.

"ಪ್ರಭೂ..."

ಮಲಕಪ್ಪ ನಿಂತುಬಿಟ್ಟ. ತಲೆ ಓರೆ ಮಾಡಿ ಕೇಳಿದ. ದೂರದ ಕುರಿಯ ಕೆಮ್ಮು ಕೇಳಿ ಅದು ಯಾವ ಬದುವಿನ ಹಿಂದಿದೆ ಎಂದು ಹೇಳಬಲ್ಲ ಕಿವಿ ಅದು.

"ಪ್ರಭಪ್ಪಾ, ನಿಮ್ಮವ್ವ ಮಕ್ಕೋಳೂದು ಎಲ್ಲಿ?"

"ಒಳಕ್ವಾಣ್ಯಾಗ್ರಿ ಕಾಕಾ."

"ಈ ಕೂಗು ಒಳಗಿಂದಲ್ಲ. ಇದಕ್ಕ ಗ್ವಾಡಿ ಅಡ್ಡ ಇಲ್ಲ. ಇಷ್ಟ ದಿನಾ ಬಂದದ್ದು ಸೋಸಿ ಬರತಿತ್ತು, ಇದು ಬಿಚ್ಚಿ ಬಂದೈತಿ. ನಿಮ್ಮವ್ವ ಹೊಸ್ತಿಲದಾಗ ನಿಂತ ಕೂಗ್ಯಾಳ."

ನಿಂತು!

 ಹಾಗಾದರೆ ಮುದುಕಿ ನಡೆಯುತ್ತಾಳೆ... ಹಾಗಾದರೆ ಇವನಿಗೆ ಬಿಡುಗಡೆ... ಸಂತೋಷದಿಂದ ಅರುಣಾ ಅವನ ಮುಖ ನೋಡಿದಳು.

ಅಲ್ಲಿ ಆಶ್ಚರ್ಯವೇ ಇರಲಿಲ್ಲ.

ಮಲಕಪ್ಪ ಮಗಳನ್ನೂ ಅವನನ್ನೂ ಒಮ್ಮೆ ನೋಡಿ, ಬೀಡಿ ಹುಡುಕುವ ನೆಪದಲ್ಲಿ ಗಾಡಿದಾರಿಗೆ ನಡೆದ.

"ನಿಮಗ ಗೊತ್ತಿತ್ತು," ಎಂದಳು ಅರುಣಾ.

"ಎರಡ ವರ್ಷಾತು." ಅವನ ದನಿ ನೆಲ ನೋಡುತ್ತಿತ್ತು. "ಹಿಂಗ ಮೆಣಸಿನಕಾಯಿ ಒಣಾಹಾಕಿದ್ವಿ. ನಾ ಹಿತ್ತಲದಾಗ ಇದ್ದೆ. ಬಂದ ನೋಡಿದ್ರ ಮೆಣಸಿನಕಾಯಿ ನಡುವ ಅವ್ವನ ಪಾದದ ಗುರ್ತು. ಹೊಸ್ತಿಲದಿಂದ ಬಾಂವಿತನಕ, ಬಾಂವಿಯಿಂದ ಹೊಸ್ತಿಲತನಕ."

"ಏನ ಮಾಡಿದ್ರಿ?"

"ಕಾಯಿ ಸರಿಸಿ... ಪಾದ ಮುಚ್ಚಿದೆ."

ಗಾಳಿ ನಿಂತಿತ್ತು. ಕಡಲೆಯ ಹೊಲದಲ್ಲಿ ಎಲ್ಲೋ ಒಂದು ಹಕ್ಕಿ ಒಂದೇ ಸ್ವರ ಹಿಡಿದು ಕೂಗುತ್ತಿತ್ತು.

ಯಾಕೆ ಎಂದು ಅವನೇ ಹೇಳಿದ. ಹೊರಗೆ ಹೋಗಿ ತಾನು ಏನೂ ಆಗದಿದ್ದರೆ ಯಾರ ಮೇಲೆ ಹೊರಿಸುವುದು? ಇಲ್ಲಿದ್ದರೆ 'ಅವ್ವಗ ಆಗೂದಿಲ್ಲ' ಎಂಬ ಒಂದು ಮಾತು ಸಾಕಿತ್ತು. ಜೊತೆ ಓದಿದವರ ಮುಂದೆ, ಅಣ್ಣನ ಮುಂದೆ, ತನ್ನ ಮುಂದೆ. ಅವ್ವ ಕೂಗುತ್ತಿದ್ದಳು, ತಾನು ಹೋಗುತ್ತಿದ್ದ. ಇಬ್ಬರಿಗೂ ಅದು ಸಾಗುತ್ತಿತ್ತು.

ಅರುಣಾಳಿಗೆ ಬೆಣ್ಣೆಹಳ್ಳದ ದಂಡೆ ನೆನಪಾಯಿತು. ಅಳ್ನಾವರದ ಬಿಸಿಲು ನೆನಪಾಯಿತು. ಕಾಲು ಸುಟ್ಟುಕೊಂಡು ನಡೆದು, ಕಟ್ಟಿಹಾಕಿದವನಿಗೆ ಒಂದೊಂದೇ ಅಂಗುಲ ಆಕಾಶ ತಂದುಕೊಡುತ್ತಿದ್ದೇನೆ ಎಂದುಕೊಂಡಿದ್ದಳು. ಹಗ್ಗ ಇರಲೇ ಇಲ್ಲ. ಅವಳ ಹರಿತ ನಾಲಗೆ ತಾನಾಗಿಯೇ ಎದ್ದಿತು.

"ಕುರಿದೊಡ್ಡಿ ಅಂದಿದ್ದು ನಂದ ತಪ್ಪು," ಎಂದಳು. "ಬಾಗಲಾ ತಗದ್ರ ಕುರಿ ಹೊರಗ ಬರ್ತಾವು."

ಅವನ ಕಣ್ಣು ಒಮ್ಮೆ ಮುಚ್ಚಿ ತೆರೆಯಿತು. ಹೊಡೆತ ತಿಂದವರು ಹಾಗೆ ಮಾಡುತ್ತಾರೆ.

ಅವಳು ಕಲ್ಲು ದಾಟಿದಳು. ಹತ್ತು ಮಾರು ನಡೆದು, ಗಾಡಿದಾರಿಯ ಮೇಲೆ ತಿರುಗಿ ನಿಂತಳು. ಹೋಗಿಬಿಡಬೇಕು ಎಂದೇ ಇದ್ದಳು. ಆದರೆ ಅವನು ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದ, ಅವಳನ್ನೇ ನೋಡುತ್ತಿದ್ದ. ಮುದುಕಿಯ ಮಾತು ಕಿವಿಯಲ್ಲಿ ತಿರುಗಿತು. ಒಂದ ಸರ್ತಿ ಕೂಗಿ ನೋಡು.

"ಪ್ರಭು..."

ಮೊದಲ ಸಲ ಅವನ ಬರಿಯ ಹೆಸರು. ಅವನ ಬಲಗಾಲು ನೆಲ ಬಿಟ್ಟಿತು. 

"ಪ್ರಭೂ..." ಹೊಸ್ತಿಲಿನಿಂದ ಇನ್ನೊಂದು ಕೂಗು.

ಎತ್ತಿದ ಕಾಲು ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಬಂದ ದಿಕ್ಕಿಗೇ ಇಳಿಯಿತು.

"ಬಂದ್ನಿ ಅವ್ವಾ."

ಅರುಣಾ ನಕ್ಷೆಯನ್ನು ಕಚೇರಿಗೆ ಕೊಟ್ಟಳು. ಪಾಲಿನ ಗೆರೆ ನೆಟ್ಟಗೆ ಬಂದಿತ್ತು. ಬೇರೆ ಯಾವುದೂ ನೆಟ್ಟಗಿರಲಿಲ್ಲ. ನಲವತ್ನಾಲ್ಕನೇ ಅಧ್ಯಾಯದ ನಂತರ ಪಣತಿ ಮತ್ತೆ ನಿಂತಿತು. 'ಇವತ್ತು ಎಷ್ಟಾತು' ಎಂದು ಯಾರೂ ಕೇಳಲಿಲ್ಲ. ಒಂದು ದಿನ ಮಲಕಪ್ಪ ಅನ್ನ ಕಲೆಸುತ್ತ, ಆ ಮಾತು ಬಾಯಿಗೆ ಬಂದರೂ ನೀನು ಅದನ್ನು ಆಡಬಾರದಿತ್ತು ಎಂದ. ಯಾವ ಮಾತು ಎಂದು ಅವಳು ಕೇಳಲಿಲ್ಲ. ಗಾಡಿದಾರಿಯಲ್ಲಿ ನಿಂತರೂ ಅಪ್ಪನ ಕಿವಿಗೆ ಕೇಳದ್ದು ಯಾವುದಿತ್ತು?

* * *

ಮಾರ್ಚ್ ತಿಂಗಳು. ಕಡಲೆ ಕೊಯ್ದ ಹೊಲವೊಂದರಲ್ಲಿ, ಯಮನೂರಿನ ಹಾದಿಯ ಬದಿಗೆ, ಗೊಬ್ಬರಕ್ಕೆಂದು ಮಲಕಪ್ಪ ಕುರಿ ತರುಬಿದ್ದ. ಕೆಲಸವಿಲ್ಲದ ದಿನ, ಅರುಣಾ ಬುತ್ತಿ ತಂದಿದ್ದಳು. ಮುಂಜಾನೆ ಹತ್ತಕ್ಕೆ ಫೋನು ಸಣ್ಣಗೆ ಸದ್ದು ಮಾಡಿತು.

'ಪಣತಿ. ಕೊನೆಯ ಅಧ್ಯಾಯ.'

ಬಹಳ ಚಿಕ್ಕದು. ಕಾವಲುಗಾರ ನಾಯಕಿಯ ಬಾಗಿಲು ದಾಟಿ ನಡೆಯುತ್ತಾನೆ. ನಾಯಕಿ ಕೂಗುವುದಿಲ್ಲ. ಒಲೆಯ ಮೇಲೆ ಹಾಲಿಲ್ಲ. ಅವನು ನಡೆಯುತ್ತಾನೆ, ಕಾಲು ನೋಯುತ್ತದೆ, ಬಾಯಾರುತ್ತದೆ, ಅಂಜಿಕೆಯಾಗುತ್ತದೆ, ನಡೆಯುತ್ತಾನೆ. ಅಷ್ಟೇ.

ಅಭ್ಯಾಸಬಲದಿಂದ ಅರುಣಾ ಲೆಕ್ಕಕ್ಕೆ ಕುಳಿತಳು. ಒಂದು ಸಲ ಓದಿದಳು, ಎರಡು ಸಲ, ಮೂರು ಸಲ. ಹೆಜ್ಜೆಯ ಎಣಿಕೆ ಇರಲಿಲ್ಲ. ಕೂಗು ಇರಲಿಲ್ಲ. ಹಿಂದಿರುಗಿ ಬರುವುದೂ ಇರಲಿಲ್ಲ. ಎಲ್ಲಿಂದ ಹಿಡಿದು ಅಳೆಯಬೇಕು? ಅಂದಾಜು ಸಿಗಲಿಲ್ಲ.

 ಇದು ಆ ಮನೆಯಲ್ಲಿ ಕುಳಿತ ಬರವಣಿಗೆಯಲ್ಲ...

ನಾಲ್ಕರ ಬಿಸಿಲಿನಲ್ಲಿ ಯಮನೂರಿನ ದಾರಿಯಿಂದ ಒಂದು ಆಕಾರ ಹೊಲಕ್ಕೆ ಇಳಿಯಿತು. ಹೆಗಲಲ್ಲಿ ಒಂದು ಚೀಲ. ಎರೆಮಣ್ಣಿನ ಬಿರುಕುಗಳಲ್ಲಿ ಕಾಲು ಸಿಕ್ಕಿ ಎಡವುತ್ತ ಬಂದು, ಅರ್ಧ ಹೊಲದಲ್ಲಿ ನಿಂತುಬಿಟ್ಟಿತು. ಮುಂದೆ ಬರಲು ಧೈರ್ಯವಿಲ್ಲದವರ ನಿಲುವು.

ಅದೇ ಹೊತ್ತಿಗೆ ಗುಂಪು ಬಿಟ್ಟ ಕುರಿಯನ್ನು ತರುಬಲು ಮಲಕಪ್ಪ ಗಂಟಲು ತೆರೆದು ಒಂದು ಕೂಗು ಹಾಕಿದ. ಉದ್ದನೆಯ, ಬಾಗಿದ ಕೂಗು.

ದೂರದಲ್ಲಿ ಆ ಗಂಡಸು ಬೆಚ್ಚಿಬಿದ್ದ. ಕುರಿ ತಿರುಗುವ ಮೊದಲೇ ಅವನು ತಿರುಗಿದ್ದ.

"ಬಂದ್ನಿ," ಎಂದ. ಯಾರಿಗೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅವನ ಹೆಸರು ಕೂಗಲು ತೆರೆದಿದ್ದ ಅರುಣಾಳ ಬಾಯಿ ಹಾಗೇ ಮುಚ್ಚಿತು.

ಅವಳು ಎದ್ದಳು, ನಡೆದಳು. ಕೂಳೆ ಚುಚ್ಚಿತು, ಚಪ್ಪಲಿ ಹಾಕಿಕೊಳ್ಳಲು ಮರೆತಿದ್ದಳು. ಒಂದು ಮಾರು ದೂರದಲ್ಲಿ ನಿಂತಾಗ ಕಂಡಿತು: ಎರಡು ತಿಂಗಳಲ್ಲಿ ಅವನು ಹತ್ತು ವರ್ಷಕ್ಕಾಗುವಷ್ಟು ಸೊರಗಿದ್ದ.

ಅವನು ಹೇಳಿದ. ಮುಂಜಾನೆ ಚೀಲ ಹಿಡಿದು ಹೊರಟಾಗ ಗುರವ್ವ ಕೌದಿ ಸರಿಸಿ ಎದ್ದು, ಅವನ ಎದುರಿಗೇ ನಡೆದು ಹೊಸ್ತಿಲಿಗೆ ಬಂದು ನಿಂತಳು. ಮುಚ್ಚುಮರೆ ಏನೂ ಇರಲಿಲ್ಲ. ಅವನು ಮೊದಲು ಬಾಂದಗಲ್ಲಿನವರೆಗೆ ಹೋಗಿ, ಹಿಂದೆ ನೋಡಿ ನಿಂತ. ಕೂಗಬಹುದೆಂದು ಕಾದ.

"ಕೂಗಿದ್ರೇನು?"

"ಇಲ್ಲ. ಮೆಲ್ಲಕ ನಡಕೊಂಡ ಕಲ್ಲಿನತನಕ ಬಂದ್ಲು. ಬಂದು, 'ಮೆಣಸಿನಕಾಯಿ ಸರಿಸಿ ಪಾದ ಮುಚ್ಚಿದ್ದು ನಂಗ ಅವತ್ತ ಗೊತ್ತಾಗಿತ್ತು' ಅಂದ್ಲು. 'ಮುಚ್ಚಿದಿ ಅಂದ್ರ ನಿಂಗೂ ಇದ ಬೇಕಾಗೇತಿ ಅಂತ ಕೂಗಕೋತ ಹೋದ್ನಿ. ಇನ್ನ ಕೂಗಂಗಿಲ್ಲ. ನೀ ಸತ್ತಿ ಅಂತ ತಿಳಕೋತೀನಿ' ಅಂದ್ಲು. ಅಂದು, ತಿರಿಗಿ ನೋಡದಂಗ ಒಳಗ ಹೋದ್ಲು. ಅಗದಿ ನೆಟ್ಟಗ ನಡದ್ಲು ಅರುಣಾ... ಒಂದ ಸರ್ತಿನೂ ಗ್ವಾಡಿ ಹಿಡೀಲಿಲ್ಲ."

ಅವನು ಕುಂದಗೋಳದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಆ ಅಧ್ಯಾಯ ಬರೆದು ಹಾಕಿ ಬಸ್ಸು ಹತ್ತಿದ್ದ, ಅವಳ ಊರಲ್ಲಿ ಕೇಳಿಕೊಂಡು ಈ ಹೊಲಕ್ಕೆ ಬಂದಿದ್ದ. ಧಾರವಾಡದಲ್ಲಿ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು, ಸಣ್ಣದು, ಸೋಮವಾರ ಸೇರಬೇಕು.

"ನಂಗ ನೀವು ಬೇಕು. ಅದನ್ನ ಹೇಳಾಕ ಬಂದೀನಿ. ಆದ್ರ ಮನಿ ಬಿಟ್ಟಿದ್ದು ನಿಮ್ಮ ಸಲುವಾಗಿ ಅಲ್ಲ. ನಿಮ್ಮ ಆ ಮಾತಿನ ಸಲುವಾಗಿ. ಎರಡ ತಿಂಗಳು ದಿನಾ ಮುಂಜಾನಿ ಎದ್ದು ಅದನ್ನ ಕೇಳಿಸಿಕೊಂಡೆ."

ಕ್ಷಮಿಸಿ ಎನ್ನಲು ಅರುಣಾ ಬಾಯಿ ತೆರೆದಳು. ಅವನು ತಲೆಯಾಡಿಸಿದ. ಅದು ಬೇಡವಾಗಿತ್ತು. ಕ್ರೂರವಾದದ್ದೇ ಕೆಲಸಕ್ಕೆ ಬಂದಿತ್ತು, ಅದನ್ನು ಹಿಂದಕ್ಕೆ ಪಡೆದರೆ ಅವನ ಬಳಿ ಮತ್ತೇನೂ ಉಳಿಯುತ್ತಿರಲಿಲ್ಲ.

ಹಿಂದೆ ಮಲಕಪ್ಪ ಇನ್ನೊಮ್ಮೆ ಕುರಿಗೆ ಕೂಗಿದ. ಪ್ರಭುವಿನ ಹೆಗಲು ಮತ್ತೆ ಬಿಗಿಯಿತು, ತಲೆ ಅರ್ಧ ತಿರುಗಿತು. ಅರುಣಾ ಅವನ ಕೈ ಹಿಡಿದಳು. ಮೊದಲ ಸಲ. ಬಿಗಿದದ್ದು ಸಡಿಲವಾಗುವವರೆಗೆ ಬಿಡಲಿಲ್ಲ. ಬಹಳ ಹೊತ್ತು ಬೇಕಾಯಿತು.

"ದೂರದಿಂದ ನನ್ನ ನೋಡಿದ್ರಿ," ಎಂದ ಅವನು ಕೊನೆಗೆ. "ಹೆಸರು ಹಿಡದ ಕೂಗಿದ್ರ ಓಡಿ ಬರತಿದ್ನಿ."

"ಗೊತ್ತೈತಿ. ಅದಕ್ಕ ಕೂಗಲಿಲ್ಲ." ಅವಳ ದನಿ ಅವನ ಕಿವಿಗೆ ಮಾತ್ರ ಕೇಳುವಷ್ಟು ಸಣ್ಣದಿತ್ತು. "ನಾ ಯಾವತ್ತೂ ನಿಮ್ಮನ್ನ ಕೂಗಂಗಿಲ್ಲ. ಬೇಕಾದಾಗ ನಾನ ನಡಕೊಂಡ ಬರ್ತೀನಿ."

"ಭಾಳ ದೂರ ಇದ್ರ?"

"ನಡಿಯೂದು ನನ್ನ ಕಸಬ ಐತ್ರಿ," ಎಂದಳು ಅರುಣಾ.